ಕಾಂಗ್ರೆಸ್ ಗಿಡಕ್ಕೆ ಎದುರಾಳಿ ಸಿಕ್ಕ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಮಳೆ ಹಿಡಿಯಿತೆಂದರೆ ರಸ್ತೆಯಂಚು, ಬ್ಯಾಣ, ಪಾಳು ಹಿತ್ತಿಲುಗಳಲ್ಲಿ ಚಗಟೆ ಏಳುತ್ತದೆ. ಎಳೆಯ ಚಿಗುರು ಪಲ್ಯಕ್ಕಾಗುತ್ತದೆ. ಬಲಿತ ಮೇಲೆ ಕೇಳುವವರಿಲ್ಲ. ಇದರ ದಾಯಾದಿ ಗಿಡವೊಂದು ಕಾಂಗ್ರೆಸ್ ಗಿಡವನ್ನು ಹಿಮ್ಮೆಟ್ಟಿಸಬಲ್ಲದೆಂದು ಗೊತ್ತಾದದ್ದು ನಮ್ಮ ರಾಜ್ಯದಲ್ಲೇ.

ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, 1950ರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿತ್ತು. 1971ರ ಹೊತ್ತಿಗೆ ಮೈಸೂರು ರಾಜ್ಯದಲ್ಲಿ ಅದರ ಹಾವಳಿ ಎಷ್ಟಾಗಿತ್ತೆಂದರೆ, ಸಸ್ಯವಿಜ್ಞಾನಿ ಜಯಚಂದ್ರ ಅದರ ಹತೋಟಿಯ ಬಗ್ಗೆ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆಯಬೇಕಾಯಿತು. ಇದು ನಿಂತ ಕಡೆ ಬೇರೆ ಗಿಡ ಯಾಕೆ ಏಳುವುದಿಲ್ಲ? ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಸ್. ಡಿ. ಕಾಂಚನ್ ಮತ್ತು ಜಯಚಂದ್ರ ಈ ಪ್ರಶ್ನೆಯ ಬೆನ್ನು ಹತ್ತಿದರು. ಮೊದಲು ಬೇರು: ಅದರಿಂದ ಒಸರುವ ವಸ್ತುಗಳು ಬೆಳೆಯನ್ನು ಕುಗ್ಗಿಸುತ್ತವೆ ಎಂಬುದು 1979ರಲ್ಲಿ ಪ್ರಕಟವಾಯಿತು. ಮರುವರ್ಷ ಎಲೆ–ಕಾಂಡದಿಂದ ನೀರಿನಲ್ಲಿ ತೊಳೆದು ಇಳಿಯುವ ವಿಷ. ಪಾರ್ಥೆನಿನ್ ಹಾಗೂ ಕೆಫೀಕ್, ಫೆರೂಲಿಕ್‌ನಂಥ ಆಮ್ಲಗಳು ಸಿಕ್ಕಿಬಿದ್ದವು.

ನನ್ನ ಮಟ್ಟಿಗೆ ನಿಜವಾದ ಆವಿಷ್ಕಾರ ಮುಂದಿನದು. ಒಂದೊಂದು ಗಿಡವೂ ಸರಾಸರಿ 62 ಕೋಟಿಗೂ ಮಿಕ್ಕಿ ಪರಾಗಕಣ ಉದುರಿಸುತ್ತದೆ. ಆ ಪರಾಗ ಗಾಳಿಯಲ್ಲಿ ಹೋಗಿ ಪಕ್ಕದ ಬೆಳೆಯ ಎಲೆ ಮೇಲೆ ಕೂತರೆ ಹಸಿರು ಕುಂದುತ್ತದೆ. ಟೊಮೇಟೊ, ಬದನೆ, ಹುರುಳಿಕಾಯಿಯ ಹೂವಿನ ಶಲಾಕಾಗ್ರದ ಮೇಲೆ ಕೂತರೆ ಕಾಯಿಕಟ್ಟುವುದೇ ಕಡಿಮೆ. ಗಿಡ ಬೇಲಿಯಾಚೆ ನಿಂತೇ ಬೇಲಿಯೀಚಿನ ಫಸಲು ಕೆಡಿಸಬಲ್ಲದು! 1980ರಲ್ಲಿ ಕಾಂಚನ್ ಮತ್ತು ಜಯಚಂದ್ರ ಇದನ್ನು ಹೊಸ ವಿದ್ಯಮಾನವೆಂದೇ ಲೋಕದ ಮುಂದಿಟ್ಟರು.

ಹಾಗಾದರೆ ಅದೇ ವಿದ್ಯೆ ಕಾಂಗ್ರೆಸ್ ಗಿಡದ ಮೇಲೂ ನಡೆಯಬೇಕಲ್ಲ? ನಡೆಯಿತು. ಎಸ್. ಜೋಶಿ ಮತ್ತು ಭತ್ತದ ತಳಿವಿಜ್ಞಾನಿ ಎಂ. ಮಹದೇವಪ್ಪ 1986ರಲ್ಲಿ ಚಗಟೆಯ ದಾಯಾದಿ ಕ್ಯಾಸಿಯಾ ಸೆರೀಸಿಯಾವನ್ನು ಪಾರ್ಥೇನಿಯಂ ವಿರುದ್ಧದ ಅಸ್ತ್ರವಾಗಿ ಮುಂದಿಟ್ಟರು. ಮಳೆಗೆ ಒತ್ತೊತ್ತಾಗಿ ಮೊಳೆಯುವ ಈ ಗಿಡ ನೆಲಕ್ಕೆ ನೆರಳು ಹಾಸುತ್ತದೆ. ಉದುರಿದ ಎಲೆಯಿಂದ ಫಿನಾಲಿಕ್ ವಸ್ತುಗಳು ಮಣ್ಣಿಗಿಳಿದು ಪಾರ್ಥೇನಿಯಂ ಬೀಜ ಮೊಳೆಯುವುದಕ್ಕೆ ಅಡ್ಡಿಮಾಡುತ್ತವೆ. (ಇದೂ ಅಮೆರಿಕ ಖಂಡದಿಂದಲೇ ಬಂದದ್ದು, ತವರಿನ ಜಗಳ ಇಲ್ಲಿ ಮುಂದುವರಿದಂತಾಯಿತು.) ನಮ್ಮ ಚಗಟೆಯನ್ನೂ ಕಳೆತಜ್ಞರು ಇದೇ ಕೆಲಸಕ್ಕೆ ಶಿಫಾರಸು ಮಾಡುತ್ತಾರೆ.

ಕಳೆ ಕೊಲ್ಲಲು ಸಸ್ಯಗಳ ಸುಗಂಧ ತೈಲಗಳೂ ಇವೆ, ಅವುಗಳ ದಾರಿ ಬೇರೆ. 2002ರಲ್ಲಿ ಅಮೆರಿಕದ ವಿಜ್ಞಾನಿ ಟ್ವೊರ್ಕೊಸ್ಕಿ 25 ಸಸ್ಯತೈಲಗಳನ್ನು ಕಳೆನಾಶಕವಾಗಿ ಪರೀಕ್ಷಿಸಿದಾಗ ದಾಲ್ಚಿನ್ನಿ, ಲವಂಗದ ಎಣ್ಣೆ ಮುಂದೆ ನಿಂತವು. ದಾಲ್ಚಿನ್ನಿ ಎಣ್ಣೆಯಲ್ಲಿ ಎಲೆ ಸುಡುವುದು ಯೂಜಿನಾಲ್. ಮಲೆನಾಡಿನಲ್ಲಿ ದಾಲ್ಚಿನ್ನಿ ಸೊಪ್ಪಿಗೇನೂ ಬರವಿಲ್ಲ. ಆದರೆ ಈ ಎಣ್ಣೆ ಎಲೆಯನ್ನು ಸುಡುತ್ತದೆ, ಬೇರನ್ನು ಮುಟ್ಟುವುದಿಲ್ಲ. ಬಹುವಾರ್ಷಿಕ ಕಳೆ ಮತ್ತೆ ಚಿಗುರುತ್ತದೆ. ಅಂಗಳದ ಕಲ್ಲುಸಂದಿಗೆ ಸರಿ, ಅಡಕೆ ತೋಟಕ್ಕೆ ಖರ್ಚು ಗಿಟ್ಟದು.

ರಸ್ತೆ ಬದಿ ಸವರುವವರಿಗೆ ಒಂದು ಮಾತು: ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲು, ಕೈಗವಸು ಹಾಕಿಕೊಂಡು ಬುಡಸಮೇತ ಕೀಳಿ, ಪಕ್ಕದ ಚಗಟೆಯನ್ನು ಬೀಜ ಕಟ್ಟುವವರೆಗೆ ಬಿಡಿ.