ಎರಡು ಬಾಗಿಲ ನಡುವಿನ ಕಾಡು

ಬೆಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 22 ಕಿಲೋಮೀಟರ್ ದೂರದಲ್ಲಿರುವ ಬನ್ನೇರುಘಟ್ಟ ಜೈವಿಕ ಉದ್ಯಾನದ ಸಫಾರಿ, ಮಹಾನಗರದ ಮಗ್ಗುಲಲ್ಲೇ ಹುಲಿ, ಸಿಂಹ, ಕರಡಿ, ಚಿರತೆಗಳನ್ನು ತೋರಿಸುವ ಏರ್ಪಾಡು. ಮೆಜೆಸ್ಟಿಕ್‌ನಲ್ಲಿ 365 ನಂಬರಿನ ಬಸ್ಸು ಹತ್ತಿದವರನ್ನು ಅದು ಉದ್ಯಾನದ ಎದುರಿಗೇ ಇಳಿಸುತ್ತದೆ. ಉಡುಪಿ ಜಿಲ್ಲೆಯ ಎಲ್ಲೂರು, ಕಾಪು, ಕಾರ್ಕಳದ ಕಡೆಯಿಂದ ರಾತ್ರಿ ಬಸ್ಸಿಗೆ ಹೊರಟ ಕುಟುಂಬ ಮರುದಿನ ಮಧ್ಯಾಹ್ನದೊಳಗೆ ಸಫಾರಿ ಮುಗಿಸಿ, ಸಂಜೆಗೆ ಬೆಂಗಳೂರಿನ ನೆಂಟರ ಮನೆ ಸೇರಬಹುದು. ಬಂಡೀಪುರ, ನಾಗರಹೊಳೆಗೆ ಹೋಗಿ ಬಂದವರನ್ನು ಹುಲಿ ಕಂಡಿತೇ ಎಂದು ಕೇಳಬೇಕಾಗುತ್ತದೆ. ಇಲ್ಲಿ ಆ ಪ್ರಶ್ನೆ ಏಳುವುದೇ ಕಡಿಮೆ. ಇದು ಬೇಲಿ ಹಾಕಿದ ಕಾಡು. ಅದು ನಡೆಯುವುದು ಬಾಗಿಲುಗಳ ಲೆಕ್ಕಾಚಾರದ ಮೇಲೆ.

ಉಡುಪಿ ಜಿಲ್ಲೆಯವರಿಗೆ ಕಾಡಿನ ಬರವೇನೂ ಇಲ್ಲ. ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿ ಇರುವುದೇ ಕಾರ್ಕಳದಲ್ಲಿ. ಆಗುಂಬೆಯ ಬುಡದಲ್ಲಿ ಸೋಮೇಶ್ವರ ಅಭಯಾರಣ್ಯವಿದೆ. ಆದರೆ ಘಟ್ಟದ ಮಳೆಕಾಡು ದಟ್ಟ. ಹತ್ತು ಮಾರು ದೂರದಲ್ಲಿ ಕಾಟಿ ನಿಂತಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಗೆ ಹೋಗುವವರು ಚಾರಣಕ್ಕೆ, ಜಲಪಾತಕ್ಕೆ ಹೋಗುತ್ತಾರೆಯೇ ಹೊರತು ಪ್ರಾಣಿ ನೋಡಲಿಕ್ಕಲ್ಲ. ನಡೆದಾಡಿಕೊಂಡು ಹುಲಿ, ಚಿರತೆ ನೋಡಲು ಮಂಗಳೂರಿನ ಪಿಲಿಕುಳವಿದೆ. ವಾಹನದಲ್ಲಿ ಕುಳಿತು ನೋಡಬೇಕೆಂದರೆ ಘಟ್ಟ ಹತ್ತಿ ಶಿವಮೊಗ್ಗದ ತ್ಯಾವರೆಕೊಪ್ಪಕ್ಕೆ ಹೋಗಬೇಕು, ಇಲ್ಲವೇ ಬನ್ನೇರುಘಟ್ಟಕ್ಕೆ.

ಬನ್ನೇರುಘಟ್ಟದ ಕಥೆ ಶುರುವಾಗುವುದು 1971ರಲ್ಲಿ. ಕಾಡಿನ ಅಂಚಿನ ಒಂದಿಷ್ಟು ಜಾಗದಲ್ಲಿ ಅರಣ್ಯಾಧಿಕಾರಿ ವೈ.ಎಂ.ಎಲ್. ಶರ್ಮ ಅವರು ‘ಪಿಕ್ನಿಕ್ ಕಾರ್ನರ್’ ಆರಂಭಿಸಿದರು. ನಗರದವರು ಬುತ್ತಿ ಕಟ್ಟಿಕೊಂಡು ಬಂದು, ನಾಲ್ಕು ಪ್ರಾಣಿ ನೋಡಿ ಹೋಗಲಿ ಎಂಬಷ್ಟೇ ಉದ್ದೇಶ. 1974ರಲ್ಲಿ ಸುತ್ತಲಿನ ಅರಣ್ಯ ರಾಷ್ಟ್ರೀಯ ಉದ್ಯಾನವಾಯಿತು. 2002ರಲ್ಲಿ ಮೃಗಾಲಯ, ಸಫಾರಿ ಮತ್ತು ಪುನರ್ವಸತಿ ಕೇಂದ್ರಗಳಿದ್ದ ಭಾಗವನ್ನು ಬೇರ್ಪಡಿಸಿ ಜೈವಿಕ ಉದ್ಯಾನವೆಂದು ಕರೆದು, ಕರ್ನಾಟಕ ಮೃಗಾಲಯ ಪ್ರಾಧಿಕಾರದ ಸುಪರ್ದಿಗೆ ಕೊಡಲಾಯಿತು. ಅದರ ವಿಸ್ತೀರ್ಣ 730 ಹೆಕ್ಟೇರಿಗೆ ತುಸು ಹೆಚ್ಚು. 2006ರಲ್ಲಿ ಚಿಟ್ಟೆಗಳ ಉದ್ಯಾನವೂ ಸೇರಿಕೊಂಡಿತು. ಪ್ರಾಣಿಗಳನ್ನು ಬಯಲಿಗೆ ಬಿಟ್ಟು ಜನರನ್ನು ವಾಹನದಲ್ಲಿ ಕೂರಿಸುವ ಪದ್ಧತಿ ಆಫ್ರಿಕಾದ ಹೊರಗೆ ಮೊದಲು ಬಂದದ್ದು 1966ರಲ್ಲಿ, ಇಂಗ್ಲೆಂಡಿನ ಲಾಂಗ್‌ಲೀಟ್‌ನಲ್ಲಿ. ಭಾರತದಲ್ಲಿ ಹೈದರಾಬಾದಿನ ನೆಹರೂ ಪ್ರಾಣಿಸಂಗ್ರಹಾಲಯ 1974ರಲ್ಲಿ ಸಿಂಹ ಸಫಾರಿ ತೆರೆದು ದಾರಿ ತೋರಿಸಿತು.

ಸಫಾರಿಯ ವಾಹನ ಮೊದಲು ಹಾಯುವುದು ಸಸ್ಯಾಹಾರಿಗಳ ಆವರಣವನ್ನು. ಚುಕ್ಕಿಜಿಂಕೆ, ಕಡವೆ, ಕೃಷ್ಣಮೃಗ, ಕಾಟಿಗಳು ಅಲ್ಲಿ ತಮ್ಮ ಪಾಡಿಗೆ ಮೇಯುತ್ತವೆ. ಮುಂದೆ ಕರಡಿ, ಸಿಂಹ, ಹುಲಿಗಳ ಆವರಣಗಳು ಒಂದೊಂದಾಗಿ ಬರುತ್ತವೆ. ಪ್ರತಿಯೊಂದಕ್ಕೂ ಜೋಡಿ ಬಾಗಿಲು. ಮೊದಲ ಬಾಗಿಲು ತೆರೆದು ವಾಹನ ಒಳಗೆ ಬಂದು ನಿಲ್ಲುತ್ತದೆ. ಹಿಂದಿನ ಬಾಗಿಲು ಪೂರಾ ಮುಚ್ಚುತ್ತದೆ. ಆಮೇಲಷ್ಟೇ ಎದುರಿನದು ತೆರೆಯುತ್ತದೆ. ಎರಡೂ ಒಟ್ಟಿಗೆ ತೆರೆದಿರುವಂತಿಲ್ಲ ಎಂಬುದು ಮುರಿಯಬಾರದ ಕಟ್ಟಳೆ. ಕಾವಲಿನವನು ಜಾಲರಿಯ ಗೂಡಿನೊಳಗಿಂದಲೇ ಬಾಗಿಲು ಸರಿಸುತ್ತಾನೆ. ಬಸ್ಸಿನಲ್ಲಿರುವ ಮಕ್ಕಳಿಗೆ ಈ ಅರೆನಿಮಿಷ ಬೇಸರದ ಹೊತ್ತು, ಅವರ ಕಣ್ಣೆಲ್ಲ ಮುಂದಿನ ಮರದ ಬುಡದಲ್ಲಿ. ಸಫಾರಿಯ ಅತಿ ಮುಖ್ಯ ಕೆಲಸ ನಡೆಯುವುದು ಆ ಅರೆನಿಮಿಷದಲ್ಲೇ.

ಪ್ರವಾಸಿಗರ ಕಣ್ಣಿಗೆ ಬೀಳದ ಬಾಗಿಲುಗಳು ಇನ್ನೂ ಹೆಚ್ಚು. ಹುಲಿ, ಸಿಂಹಗಳು ರಾತ್ರಿ ಕಳೆಯುವುದು ಆವರಣಕ್ಕೆ ಅಂಟಿಕೊಂಡ ಕೋಣೆಗಳ ಸಾಲಿನಲ್ಲಿ. ಸಿಬ್ಬಂದಿಯ ಮಾತಿನಲ್ಲಿ ‘ಹೋಲ್ಡಿಂಗ್ ರೂಮ್’. ಬೆಳಗ್ಗೆ ಪ್ರಾಣಿಪಾಲಕ ಮೊದಲು ಮಾಡುವುದು ಎಣಿಕೆ. ಯಾವ ಕೋಣೆಯಲ್ಲಿ ಯಾರಿದ್ದಾರೆ, ರಾತ್ರಿ ಕೊಟ್ಟ ಮಾಂಸ ಉಳಿದಿದೆಯೇ, ಹಿಕ್ಕೆ ಸರಿಯಿದೆಯೇ, ಎದ್ದು ನಡೆಯುವಾಗ ಕಾಲು ಎಳೆಯುತ್ತಿದೆಯೇ ಎಂದು ನೋಡುತ್ತಾನೆ. ಮಂಕಾಗಿ ಮಲಗಿದ ಪ್ರಾಣಿ ಆ ದಿನ ಹೊರಗೆ ಹೋಗುವುದಿಲ್ಲ, ಪಶುವೈದ್ಯರು ಬರುತ್ತಾರೆ. ಆರೋಗ್ಯವಾಗಿರುವುದರ ಎದುರಿನ ತಳ್ಳುಬಾಗಿಲನ್ನು ಹೊರಗಿನಿಂದಲೇ ಎಳೆದು ತೆರೆಯುತ್ತಾನೆ. ಯಾವ ಪ್ರಾಣಿಯನ್ನು ಯಾವುದರ ಜೊತೆ ಬಿಡಬೇಕು ಎಂಬುದಕ್ಕೂ ಲೆಕ್ಕವಿದೆ, ಪರಸ್ಪರ ಆಗಿಬರದ ಎರಡು ಗಂಡುಗಳನ್ನು ಒಂದೇ ಆವರಣಕ್ಕೆ ಬಿಡುವಂತಿಲ್ಲ. ಸಂಜೆ ಇದೇ ಕೆಲಸ ಹಿಂದುಮುಂದಾಗಿ ನಡೆಯುತ್ತದೆ. ಮಾಂಸ ಕೋಣೆಯೊಳಗೆ ಕಾದಿರುವುದರಿಂದ ಹೊತ್ತಿಗೆ ಸರಿಯಾಗಿ ಪ್ರಾಣಿಗಳು ತಾವಾಗಿ ಬಾಗಿಲಿಗೆ ಬರುತ್ತವೆ. ಆಹಾರ ಹಾಕುವುದಕ್ಕಾಗಲಿ, ಗುಡಿಸುವುದಕ್ಕಾಗಲಿ ಕೋಣೆಗೆ ಕಾಲಿಡುವ ಮುಂಚೆ ಪ್ರಾಣಿ ಇನ್ನೊಂದು ಬಾಗಿಲಿನ ಆಚೆಗಿದೆ, ಆ ಬಾಗಿಲಿಗೆ ಬೀಗ ಬಿದ್ದಿದೆ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಬೇಕು.

ಈ ಕಟ್ಟುನಿಟ್ಟಿನ ಬೆಲೆ ಏನೆಂಬುದನ್ನು 2017 ತೋರಿಸಿಕೊಟ್ಟಿತು. ಆ ವರ್ಷ ಸೆಪ್ಟೆಂಬರಿನಲ್ಲಿ ಬಿಳಿ ಹುಲಿಯೊಂದು ತೆರೆದುಕೊಂಡಿದ್ದ ಬಾಗಿಲ ಮೂಲಕ ಬಂಗಾಳ ಹುಲಿಗಳ ಆವರಣಕ್ಕೆ ನುಗ್ಗಿ, ಕಾದಾಟದಲ್ಲಿ ಗಾಯಗೊಂಡು ಸತ್ತಿತು. ಮುಂದಿನ ತಿಂಗಳೇ ಪ್ರಾಣಿಪಾಲಕರೊಬ್ಬರು ಬಿಳಿ ಹುಲಿಗಳ ದಾಳಿಗೆ ಬಲಿಯಾದರು. ಎರಡೂ ದುರಂತಗಳು ಒಂದೊಂದು ಬಾಗಿಲಿನ ಸುತ್ತ ನಡೆದವು. ಸಫಾರಿಯಲ್ಲಿ ಹುಲಿಯ ಹೆಸರು ಎಲ್ಲರ ಬಾಯಲ್ಲಿರುತ್ತದೆ; ಹುಲಿಗೆ ದಿನವೂ ಬಾಗಿಲು ತೆರೆದು ಮುಚ್ಚುವವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ.

ಬಾಗಿಲಿಗೂ ಬೇಲಿಗೂ ನಿಜವಾದ ಪರೀಕ್ಷೆ ಒಡ್ಡುವ ಪ್ರಾಣಿ ಹುಲಿಯಲ್ಲ, ಚಿರತೆ. ಹುಲಿ, ಸಿಂಹಗಳು ಸಾಮಾನ್ಯವಾಗಿ ಎತ್ತರದ ಬೇಲಿ ಹತ್ತುವ ಗೋಜಿಗೆ ಹೋಗುವುದಿಲ್ಲ. ಚಿರತೆ ಮರ ಹತ್ತುತ್ತದೆ, ಜಾಲರಿ ಹಿಡಿದು ಏರುತ್ತದೆ, ತಲೆ ತೂರುವಷ್ಟು ಸಂದಿಯಿದ್ದರೆ ಮೈಯನ್ನೂ ತೂರಿಸುತ್ತದೆ. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಕುಂದಲಹಳ್ಳಿಯ ಶಾಲೆಯೊಂದಕ್ಕೆ ನುಗ್ಗಿದ ಚಿರತೆಯನ್ನು ದಿನವಿಡೀ ಹೆಣಗಾಡಿ ಹಿಡಿದು ಬನ್ನೇರುಘಟ್ಟಕ್ಕೆ ತಂದರು. ಒಂದು ವಾರದಲ್ಲೇ ಅದು ಬೋನಿನಿಂದ ತಪ್ಪಿಸಿಕೊಂಡು ಕಾಡಿನ ದಾರಿ ಹಿಡಿಯಿತು.

ಹೀಗಾಗಿ ಚಿರತೆಗೆ ಸಫಾರಿ ಕಟ್ಟುವುದು ತಡವಾಯಿತು. ಅದು ಪ್ರವಾಸಿಗರಿಗೆ ತೆರೆದದ್ದು 2024ರ ಜೂನ್‌ನಲ್ಲಿ. ಜಾಗ 20 ಹೆಕ್ಟೇರ್. ಬಂಡೆ, ಕುರುಚಲು, ಮರಗಳಿರುವ ನೆಲ. ಸುತ್ತ ನಾಲ್ಕೂವರೆ ಮೀಟರ್ ಎತ್ತರದ ಜಾಲರಿ ಬೇಲಿ. ಅದರ ಮೇಲೆ ಒಂದೂವರೆ ಮೀಟರ್ ಅಗಲದ ಉಕ್ಕಿನ ತಗಡನ್ನು 30 ಡಿಗ್ರಿ ಓರೆಯಾಗಿ ಬಾಗಿಸಿ ಕೂರಿಸಿದ್ದಾರೆ. ಚಿರತೆ ಜಾಲರಿ ಹಿಡಿದು ಮೇಲೇರಿದರೂ ತಗಡಿನ ಬಳಿ ಉಗುರಿಗೆ ಹಿಡಿತ ಸಿಗುವುದಿಲ್ಲ. ತೆರೆದಾಗ ಒಳಗೆ ಬಿಟ್ಟದ್ದು ಎಂಟು ಚಿರತೆಗಳನ್ನು. ತಾಯಿಯಿಂದ ಅಗಲಿ, ಮರಿಗಳಾಗಿ ಸಿಕ್ಕು, ಮನುಷ್ಯರ ಕೈಯಲ್ಲಿ ಬೆಳೆದವು ಅವು.

ಮರಿಗಳು ಹೀಗೆ ಸಿಗುವುದಕ್ಕೆ ಬಯಲುಸೀಮೆಯಲ್ಲಿ ಒಂದು ಕಾರಣ ಕಬ್ಬು. ಮಂಡ್ಯ, ಮೈಸೂರಿನ ಕಬ್ಬಿನ ಗದ್ದೆಗಳು ಆಳೆತ್ತರ ಬೆಳೆದು ತಿಂಗಳುಗಟ್ಟಲೆ ಯಾರೂ ಒಳಹೊಗದೆ ಇರುವಾಗ ಚಿರತೆ ಅಲ್ಲಿ ಮರಿ ಹಾಕುತ್ತದೆ. ಕಟಾವಿನ ದಿನ ತಾಯಿ ಓಡುತ್ತದೆ, ಮರಿ ಜನರ ಕೈಗೆ ಸಿಗುತ್ತದೆ. ಮರಿಗಳನ್ನು ಸಿಕ್ಕ ಜಾಗದಲ್ಲೇ ಬಿಟ್ಟು ಕಾದರೆ ತಾಯಿ ಬಂದು ಕಚ್ಚಿಕೊಂಡು ಹೋಗುವುದುಂಟು. ಜನ ಸೇರಿ ಫೋಟೊ ತೆಗೆಯುತ್ತ ನಿಂತರೆ ಅದು ಹತ್ತಿರ ಸುಳಿಯುವುದಿಲ್ಲ. ಬೇಟೆ ಕಲಿಸುವ ತಾಯಿಯಿಲ್ಲದೆ ಬೆಳೆದ ಮರಿಯನ್ನು ಮತ್ತೆ ಕಾಡಿಗೆ ಬಿಡುವುದು ಕಷ್ಟ. ಅದಕ್ಕೆ ಜೀವಮಾನದ ವಿಳಾಸ ಬನ್ನೇರುಘಟ್ಟದಂಥ ಜಾಗವೇ.

ಕರಾವಳಿಯ ಚಿರತೆಯ ಕಷ್ಟ ಬೇರೆ. ಉಡುಪಿ, ಕಾಪು, ಕಾರ್ಕಳದ ಹಳ್ಳಿಗಳಲ್ಲಿ ಅದು ನಾಯಿಯ ಬೆನ್ನಟ್ಟಿ ಬಂದು, ಕಟ್ಟೆಯಿಲ್ಲದ ಬಾವಿಗೆ ಬೀಳುತ್ತದೆ. ಬೆಳಗ್ಗೆ ನೀರು ಸೇದಲು ಹೋದವರಿಗೆ ಕೆಳಗಿನಿಂದ ಗುರುಗುಟ್ಟುವ ಸದ್ದು ಕೇಳಿಸುತ್ತದೆ. ಅರಣ್ಯ ಇಲಾಖೆಯವರು ಬಂದು ಬೋನು ಇಳಿಸಿ, ಇಲ್ಲವೇ ಬಲೆ ಹಾಕಿ ಮೇಲೆತ್ತುತ್ತಾರೆ. ಗಾಯವಿಲ್ಲದಿದ್ದರೆ ಅದನ್ನು ಕಾಡಿಗೆ ಬಿಡುವುದುಂಟು. ಕಾಲು, ಹಲ್ಲು, ಬೆನ್ನುಮೂಳೆಗೆ ಪೆಟ್ಟು ಬಿದ್ದದ್ದಾದರೆ ಅದು ಮತ್ತೆ ಬೇಟೆಯಾಡಲಾರದು, ಮೃಗಾಲಯವೇ ಅದಕ್ಕೆ ಗತಿ.

ಚಿರತೆ ಸಫಾರಿಯ ಬಾಗಿಲಿಗೆ 2025ರಲ್ಲಿ ಇನ್ನೊಂದು ಪಾಠ ಸಿಕ್ಕಿತು. ಆ ವರ್ಷ ಎರಡು ಬಾರಿ ಚಿರತೆಗಳು ವಾಹನದ ಕಿಟಕಿಗೆ ಪಂಜ ಹಾಕಿ ಒಬ್ಬ ಬಾಲಕನನ್ನೂ ಒಬ್ಬ ಮಹಿಳೆಯನ್ನೂ ಗಾಯಗೊಳಿಸಿದವು. ಸಫಾರಿಯಲ್ಲಿ ವಾಹನದ ಕಿಟಕಿಯೂ ಒಂದು ಬಾಗಿಲೇ. ಮನುಷ್ಯರ ನಡುವೆ ಬೆಳೆದ ಚಿರತೆ ವಾಹನಕ್ಕೆ ಅಂಜುವುದಿಲ್ಲ ಎಂಬುದನ್ನು ಪ್ರವಾಸಿಗರು ನೆನಪಿಡಬೇಕು.

ಇಲ್ಲಿನ ಹಲವು ಸಿಂಹ, ಕರಡಿಗಳ ಪೂರ್ವಕಥೆ ಶುರುವಾಗುವುದೂ ಯಾವುದೋ ಒಂದು ಮುಚ್ಚಿದ ಬಾಗಿಲಿನ ಹಿಂದೆ. ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಪ್ರದರ್ಶನಕ್ಕೆ ಬಳಸಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ಹೊರಡಿಸಿದ ಅಧಿಸೂಚನೆಯನ್ನು 2001ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸರ್ಕಸ್ಸಿನ ಡೇರೆಗಳಿಂದ ಹೊರಬಿದ್ದ ಸಿಂಹಗಳಿಗೆ ದೇಶದ ಕೆಲವೆಡೆ ಪುನರ್ವಸತಿ ಕೇಂದ್ರಗಳಾದವು, ಬನ್ನೇರುಘಟ್ಟ ಅವುಗಳಲ್ಲೊಂದು. ಕರಡಿಯಾಡಿಸುವ ಕಲಂದರರ ಹಗ್ಗಕ್ಕೆ ಕುಣಿಯುತ್ತಿದ್ದ ಕರಡಿಗಳಿಗೂ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆಯ ಸಹಯೋಗದಲ್ಲಿ ಇಲ್ಲಿ ನೆಲೆಯಾಯಿತು. ದೇಶದ ಕೊನೆಯ ಕುಣಿಯುವ ಕರಡಿ ಎಂದು ಹೆಸರಾದ ರಾಜುವನ್ನು 2009ರ ಡಿಸೆಂಬರಿನಲ್ಲಿ ತಂದದ್ದೂ ಇಲ್ಲಿಗೇ. ಆನೆಗಳ ಸಂಗತಿ ಮಾತ್ರ ಬೇರೆ. ಹಗಲು ಮಾವುತ, ಕಾವಾಡಿಗರ ಜೊತೆಗಿರುವ ಇಲ್ಲಿನ ಸಾಕಾನೆಗಳನ್ನು ರಾತ್ರಿ ಮೇಯಲು ಕಾಡಿಗೆ ಬಿಡುತ್ತಾರೆ. ಅಲ್ಲಿ ಕಾಡಿನ ಸಲಗಗಳ ಸಂಗ ಆಗುವುದರಿಂದ ಇಲ್ಲಿ ಹುಟ್ಟುವ ಮರಿಗಳಲ್ಲಿ ಕಾಡಿನ ರಕ್ತವಿದೆ.

ಬಾಗಿಲು ತಡೆಯಲಾರದ ಶತ್ರುಗಳೂ ಇವೆ. 2023ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಬೆಕ್ಕಿನ ಜಾತಿಯ ಪ್ರಾಣಿಗಳಿಗೆ ತಗಲುವ ಪ್ಯಾನ್‌ಲ್ಯೂಕೋಪೀನಿಯಾ ವೈರಸ್‌ಗೆ ಏಳು ಚಿರತೆ ಮರಿಗಳು ಸತ್ತವು. ಇನ್ನೊಂದು ಕಡೆ ನಗರವೇ ಬೇಲಿಯತ್ತ ಒತ್ತರಿಸಿ ಬರುತ್ತಿದೆ. ರಾಷ್ಟ್ರೀಯ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯಕ್ಕೆ 2016ರ ಕರಡು ಪ್ರಕಟಣೆ ಸುಮಾರು 269 ಚದರ ಕಿಲೋಮೀಟರ್ ಸೂಚಿಸಿತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಅದು ಸುಮಾರು 169ಕ್ಕೆ ಇಳಿಯಿತು. ಬನ್ನೇರುಘಟ್ಟ ಕಾಡು ದಕ್ಷಿಣದಲ್ಲಿ ತಮಿಳುನಾಡಿನ ತಳಿ ಅರಣ್ಯ ಮತ್ತು ಕಾವೇರಿ ವನ್ಯಧಾಮದ ಕಡೆಗೆ ಹಬ್ಬಿದ ಆನೆದಾರಿಯ ತುದಿ. ಆ ದಾರಿಯ ಅಕ್ಕಪಕ್ಕ ಲೇಔಟುಗಳೆದ್ದಷ್ಟೂ ಪುನರ್ವಸತಿ ಕೇಂದ್ರಕ್ಕೆ ಬಂದು ಸೇರುವ ಪ್ರಾಣಿಗಳ ಸಂಖ್ಯೆ ಹೆಚ್ಚುತ್ತದೆ. ಸಫಾರಿ ತುಂಬಿದೆ ಎಂದರೆ ಕಾಡು ಚೆನ್ನಾಗಿದೆ ಎಂದು ಅರ್ಥವಲ್ಲ.

ಉದ್ಯಾನಕ್ಕೆ ಮಂಗಳವಾರ ರಜೆ. ವಾರಾಂತ್ಯ, ಶಾಲಾ ರಜೆಗಳಲ್ಲಿ ಸರತಿ ಉದ್ದವಿರುತ್ತದೆ. ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮೊದಲೇ ಕಾಯ್ದಿರಿಸುವುದು ಒಳ್ಳೆಯದು. ಬಿಸಿಲೇರಿದ ಮೇಲೆ ಹುಲಿ, ಚಿರತೆಗಳು ನೆರಳಲ್ಲಿ ಮಲಗುವುದರಿಂದ ಬೆಳಗಿನ ಮೊದಲ ವಾಹನ ಮೇಲು. ಕಿಟಕಿಯಿಂದ ಕೈ ಹೊರಹಾಕುವುದು, ಕೂಗಿ ಕರೆಯುವುದು, ತಿಂಡಿ ಎಸೆಯುವುದು ಯಾವುದೂ ಸಲ್ಲದು.

ಕರಾವಳಿಯ ಓದುಗರು ಬನ್ನೇರುಘಟ್ಟಕ್ಕೆ ಹೋಗದೆಯೂ ಈ ಪ್ರಾಣಿಗಳಿಗೆ ಉಪಕಾರ ಮಾಡಬಹುದು. ತೋಟದ ಬಾವಿಗೆ ಎದೆಮಟ್ಟದ ಕೆಂಪುಕಲ್ಲಿನ ಕಟ್ಟೆ ಕಟ್ಟಿಸಿ, ಮೇಲೆ ಗಟ್ಟಿ ಜಾಲರಿ ಹೊದಿಸಿ, ರಾತ್ರಿ ನಾಯಿಯನ್ನು ಗೂಡಿನೊಳಗೆ ಹಾಕಿದರೆ ಬಾವಿಗೆ ಬೀಳುವ ಒಂದು ಚಿರತೆ ಕಡಿಮೆಯಾಗುತ್ತದೆ. ಬಿದ್ದೇ ಬಿಟ್ಟರೆ ಬಾವಿಯ ಸುತ್ತ ಗುಂಪು ಕಟ್ಟದೆ, ಕಲ್ಲು ಹಾಕದೆ, ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ, ಅವರಿಗೆ ಕೆಲಸ ಮಾಡಲು ಜಾಗ ಬಿಡಬೇಕು. ಪೆಟ್ಟಿಲ್ಲದೆ ಮೇಲೆ ಬಂದ ಚಿರತೆಗೆ ಸಫಾರಿಯ ಆವರಣ ಬೇಕಾಗಿಲ್ಲ, ಘಟ್ಟದ ಕಾಡು ಸಾಕು.