ಕಾಗೋಡಿನ ಕೊಳಗ ಈಗ ಜೇಬಿನೊಳಗೆ!

ಸಾಗರ: ಕಾಗೋಡಿನಲ್ಲಿ 1951ರಲ್ಲಿ ಜಗಳ ಹತ್ತಿಕೊಂಡಿದ್ದು ಕೊಳಗದಿಂದ. ಈಗಿನ ಹುಡುಗರಿಗೆ ಹೇಳಿದರೆ ನಂಬೋದಿಲ್ಲ. ಗೇಣಿ ಭತ್ತ ಅಳೆಯಲು ಸರ್ಕಾರ ಒಪ್ಪಿದ ಕೊಳಗ ಒಂದಾದರೆ ಒಡೆಯರ ಮನೆಯ ಕೊಳಗ ಇನ್ನೊಂದು. ಒಡೆಯರ ಕೊಳಗಕ್ಕೆ ಹೊಟ್ಟೆ ಸ್ವಲ್ಪ ದೊಡ್ಡದು. ಉತ್ತು, ಬಿತ್ತಿ, ಕೊಯ್ದು ತಂದವರು ದೀವರ ಗೇಣಿದಾರರು; ಅಳೆಯುವ ಪಾತ್ರೆ ಮಾತ್ರ ಧಣಿಗಳದು. ಈ ಕೊಳಗ ಎಷ್ಟು ಸೇರು ಹಿಡಿಯುತ್ತದೆ, ಒಮ್ಮೆ ನೋಡಿಬಿಡೋಣ ಎಂದು ಕೇಳಿದ್ದೇ ದೊಡ್ಡ ಅಪರಾಧವಾಗಿ ಹೋಯಿತು. ಎಚ್. ಗಣಪತಿಯಪ್ಪ ಗೇಣಿದಾರರನ್ನು ಒಟ್ಟುಗೂಡಿಸಿದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬೆನ್ನಿಗೆ ನಿಂತರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಖುದ್ದಾಗಿ ಬಂದು ಬಂಧನಕ್ಕೊಳಗಾದರು. ಕೊಳಗದಿಂದ ಎದ್ದ ಪ್ರಶ್ನೆ ಉಳುವವನೇ ಹೊಲದೊಡೆಯ ಎಂಬಲ್ಲಿಗೆ ಮುಟ್ಟಿ, ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಕಾಯ್ದೆಯಾಗುವ ತನಕ ನಡೆಯಿತು.

ಈ ಹಳೇ ಕಥೆ ಈಗ ಯಾಕೆ ಅಂತೀರಾ? ಯಾವುದಾದರೊಂದು ನ್ಯಾಯಬೆಲೆ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡಿ. ಅಕ್ಕಿ ತೂಗುವ ತಕ್ಕಡಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಅಕ್ಕಿ ಸಿಗಬೇಕೋ ಬೇಡವೋ ಎಂದು ತೀರ್ಮಾನ ಮಾಡುವುದು ಮಾತ್ರ ಪಕ್ಕದಲ್ಲಿರುವ ಅಂಗೈ ಅಗಲದ ಯಂತ್ರ. ವರ್ಷಗಟ್ಟಲೆ ಅಡಿಕೆ ಸುಲಿದು ಚೊಗರು ಹಿಡಿದ, ಗೆರೆ ಸವೆದ ಹೆಬ್ಬೆಟ್ಟು ಒತ್ತಿದರೆ ಅದು ಒಲ್ಲೆ ಅನ್ನುತ್ತದೆ. 'ಸರ್ವರ್ ಇಲ್ಲಮ್ಮ, ನಾಳೆ ಬನ್ನಿ' ಅಂತಾನೆ ಅಂಗಡಿಯವ. ಯಾಕೆ ಒಲ್ಲೆ ಅಂದಿತು ಎಂಬುದು ಅವನಿಗೂ ಗೊತ್ತಿಲ್ಲ, ಅವನ ಮೇಲಿನವರಿಗೂ ಗೊತ್ತಿಲ್ಲ. ಒಂದು ದಿನದ ಕೂಲಿ ಬಿಟ್ಟು ಬಂದವಳಿಗಂತೂ ಕೇಳುವ ದಾರಿಯೇ ಇಲ್ಲ.

ಕಂಪ್ಯೂಟರಿಗೆ ಹೀಗೆ ಮಾಡು, ಹಾಗೆ ಮಾಡು ಎಂದು ಮನುಷ್ಯರು ಬರೆದಿಟ್ಟ ಸಾಲುಗಳಿಗೆ ಸೋರ್ಸ್ ಕೋಡ್ ಅಂತಾರೆ. ಓದು ಬಲ್ಲವರು ಅದನ್ನು ನೋಡಿದರೆ ಯಂತ್ರ ಏನು ಅಳೆಯುತ್ತಿದೆ, ಏನು ಕದಿಯುತ್ತಿದೆ ಎಂದು ಹೇಳಬಲ್ಲರು. ದೊಡ್ಡ ಕಂಪನಿಗಳು ಈ ಸಾಲುಗಳನ್ನು ಬೀಗ ಹಾಕಿ ಇಟ್ಟು, ಬರೀ ಯಂತ್ರಕ್ಕೆ ತಿಳಿಯುವ ರೂಪವನ್ನು ಮಾತ್ರ ನಮಗೆ ಮಾರುತ್ತವೆ. ಕೊಳಗ ತಗೊಳ್ಳಿ, ಒಳಗೆ ಕೈ ಹಾಕಬೇಡಿ ಅಂದ ಹಾಗೆ.

ಇದನ್ನು ಮೊದಲು ಜಗಳವಾಗಿ ಎತ್ತಿಕೊಂಡವನು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. ಎಂಐಟಿ ಪ್ರಯೋಗಾಲಯದಲ್ಲಿ ಜೆರಾಕ್ಸ್ ಕಂಪನಿಯ ಪ್ರಿಂಟರೊಂದು ಪದೇ ಪದೇ ಕಾಗದ ಸಿಕ್ಕಿಸಿಕೊಳ್ಳುತ್ತಿತ್ತು. ರಿಪೇರಿ ತಾನೇ ಮಾಡುತ್ತೇನೆ, ಕೋಡ್ ಕೊಡಿ ಎಂದು ಈತ ಇನ್ನೊಂದು ವಿಶ್ವವಿದ್ಯಾಲಯದವನನ್ನು ಕೇಳಿದ. ಯಾರಿಗೂ ಕೊಡೋದಿಲ್ಲ ಎಂದು ಕಂಪನಿಗೆ ಸಹಿ ಹಾಕಿಕೊಟ್ಟಿದ್ದೇನೆ ಎಂದ ಆಸಾಮಿ. ಕಾಗದ ಸಿಕ್ಕಿಕೊಂಡ ಸಿಟ್ಟು ದೊಡ್ಡದಾಗುತ್ತಾ ಹೋಗಿ 1983ರಲ್ಲಿ ಗ್ನೂ ಯೋಜನೆ ಶುರುವಾಯಿತು. 1989ರಲ್ಲಿ ಜಿಪಿಎಲ್ ಎಂಬ ಪರವಾನಗಿ ಬಂತು. ಯಾರು ಬೇಕಾದರೂ ಬಳಸಲಿ, ಓದಲಿ, ತಿದ್ದಲಿ, ಹಂಚಲಿ. ತಿದ್ದಿ ಹಂಚುವವನು ಮುಂದಿನವನಿಗೂ ಅದೇ ಹಕ್ಕು ಕೊಡಬೇಕು ಎಂಬುದೇ ಅದರ ಸಾರ. ಗೋಮಾಳದಲ್ಲಿ ದನ ಮೇಯಿಸಿ, ಬೇಲಿ ಹಾಕಿ ಖಾತೆ ಮಾಡಿಸಿಕೊಳ್ಳಬೇಡಿ ಎಂದಂತೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟಾರ್ವಾಲ್ಡ್ಸ್ ಬರೆದ ಲಿನಕ್ಸ್ ಕೂಡ ಈ ಗೋಮಾಳಕ್ಕೇ ಬಂದು ಸೇರಿತು. ಮುಂದೆ 1998ರಲ್ಲಿ ಇದಕ್ಕೇ 'ಓಪನ್ ಸೋರ್ಸ್' ಎಂಬ ಹೆಸರನ್ನೂ ಇಟ್ಟರು. ಸ್ವಾತಂತ್ರ್ಯ ಎಂಬ ಪದ ಕೇಳಿದರೆ ಕಂಪನಿಯವರಿಗೆ ಸ್ವಲ್ಪ ಇರಿಸುಮುರಿಸು, ನೋಡಿ.

ಗೇಣಿ ಮತ್ತೆ ಬಂತು

ದುಡ್ಡು ಕೊಟ್ಟ ಮೇಲೆ ತಂತ್ರಾಂಶ ನಮ್ಮದೇ ಅಲ್ಲವೇ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ ಸ್ವಾಮಿ. ನಾವು ಕೊಳ್ಳುವುದು ಬರೀ ಬಳಸುವ ಪರವಾನಗಿ, ಅಂದರೆ ಗೇಣಿ ಚೀಟಿ. ಒಡೆಯರು ಬೇಡ ಎಂದ ದಿನ ಏಳಬೇಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಿಂದ ಉಚಿತ ರಕ್ಷಣೆಯ ತಿದ್ದುಪಡಿಗಳನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಸ್ವಲ್ಪ ಕಾಲ ಮುಂದುವರಿಸಲು ಬೇರೆ ಷರತ್ತು, ಬೇರೆ ದರ. ಅದರ ಮುಂದಿನ ವಿಂಡೋಸ್ 11 ಹಳೆಯ ಯಂತ್ರಗಳನ್ನು ಮುಟ್ಟುವುದಿಲ್ಲ. ಕೀಲಿಮಣೆ ಸರಿ ಇದೆ, ಪರದೆ ಸರಿ ಇದೆ, ಕರೆಂಟು ಕೊಟ್ಟರೆ ಏಳುತ್ತದೆ. ಆದರೂ ಕಂಪನಿಯ ಲೆಕ್ಕದಲ್ಲಿ ಅದು ಗುಜರಿ. ಒಕ್ಕಲೆಬ್ಬಿಸುವುದು ಅಂದರೆ ಇನ್ನೇನು?

ಪಕ್ಕದ ಕೇರಳದವರು ಈ ಗೇಣಿಯಿಂದ ಬೇಗ ಬಿಡಿಸಿಕೊಂಡರು. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆ, ಪಾಠವೂ ಅದರಲ್ಲೇ. ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಪರವಾನಗಿ ಹಣ ಕಟ್ಟದೆ 3,000 ಕೋಟಿ ರೂಪಾಯಿ ಉಳಿಯಿತು ಎಂದು 2019ರಲ್ಲಿ ಅವರು ಲೆಕ್ಕ ಹೇಳಿದರು. ಸರ್ಕಾರಗಳು ತಮ್ಮ ಬೆನ್ನು ತಟ್ಟಿಕೊಳ್ಳುವಾಗ ಹೇಳುವ ಲೆಕ್ಕ ಸ್ವಲ್ಪ ಉದಾರವಾಗಿಯೇ ಇರುತ್ತದೆ. ಅರ್ಧ ಹೊಡೆದು ಹಾಕಿ, ಆದರೂ ಸಣ್ಣ ಮೊತ್ತವಲ್ಲ.

ಕನ್ನಡಕ್ಕೂ ಈ ಗಾಯ ಆಗಿದೆ. ಯೂನಿಕೋಡ್ ಬರುವ ಮುಂಚೆ ಒಂದು ತಂತ್ರಾಂಶದಲ್ಲಿ ಹೊಡೆದ ಕನ್ನಡ ಇನ್ನೊಂದರಲ್ಲಿ ತೆರೆದರೆ ಬರೀ ಕಸಕಡ್ಡಿ. ಅಕ್ಷರ ನಮ್ಮದು, ಅದನ್ನು ಓದುವ ಕೀಲಿ ಇನ್ಯಾರದೋ! ಲೋಹಿಯಾ ವಿಚಾರಗಳಿಗೆ ಮನಸೋತಿದ್ದ ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕಥೆ ಬರೆಯುವುದು ಬಿಟ್ಟು ಕನ್ನಡದ ತಂತ್ರಾಂಶದ ಬೆನ್ನು ಹತ್ತಿದ್ದಾರಲ್ಲ ಎಂದು ಕೆಲವು ಸಾಹಿತಿಗಳು ಮೂಗು ಮುರಿದಿದ್ದುಂಟು. ಅವರ ಒತ್ತಾಸೆಯಿಂದಲೇ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶ ಬಂತು. ತೇಜಸ್ವಿ 2007ರಲ್ಲಿ ತೀರಿಕೊಂಡರು. ಅವರು ಎತ್ತಿದ ಪ್ರಶ್ನೆ ತೀರಲಿಲ್ಲ.

ಕಣಜದ ಬೀಗ ಯಾರ ಕೈಲಿ?

ಕೊಳಗದ್ದು ಒಂದು ಜಗಳ. ಅಳೆದ ಮೇಲೆ ಭತ್ತ ಯಾರ ಕಣಜಕ್ಕೆ ಹೋಗುತ್ತದೆ ಎಂಬುದು ಇನ್ನೂ ದೊಡ್ಡ ಜಗಳ. ಇಲ್ಲಿ ಭತ್ತ ಎಂದರೆ ನಮ್ಮ ಹೆಸರು, ಬೆರಳು, ಮುಖ, ಓಡಾಟ, ಯಾರ ಜೊತೆ ಎಷ್ಟು ಹೊತ್ತು ಮಾತಾಡಿದೆವು ಎಂಬ ವಿವರ.

ಕೋವಿಡ್ ಕಾಲ ನೆನಪಿಸಿಕೊಳ್ಳಿ. 2020ರ ಮಾರ್ಚ್‌ನಲ್ಲಿ ಮನೆಯಲ್ಲೇ ದಿಗ್ಬಂಧನದಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ನಮ್ಮ ರಾಜ್ಯ ಸರ್ಕಾರವೇ ಪ್ರಕಟಿಸಿಬಿಟ್ಟಿತು. ಗಂಟೆಗೊಂದು ಸೆಲ್ಫಿ ತೆಗೆದು ಆ್ಯಪ್‌ನಲ್ಲಿ ಕಳಿಸಿ ಎಂಬ ಆಜ್ಞೆಯೂ ಆಯಿತು. ಕಾಯಿಲೆಯವನಿಗೆ ಗಂಜಿ ಕೊಟ್ಟರೋ ಇಲ್ಲವೋ, ಫೋಟೋ ಮಾತ್ರ ಬೇಕು! ಏಪ್ರಿಲ್ 2ರಂದು ಕೇಂದ್ರದ ಆರೋಗ್ಯ ಸೇತು ಬಂತು. ಕೋಡ್ ತೋರಿಸಿ ಎಂದು ತಜ್ಞರು ಗಲಾಟೆ ಮಾಡಿದ ಮೇಲೆ ಮೇ 26ಕ್ಕೆ ಫೋನಿನಲ್ಲಿ ಕೂರುವ ಭಾಗದ ಕೋಡ್ ಬಿಚ್ಚಿಟ್ಟರು. ಮಾಹಿತಿ ಹೋಗಿ ಬೀಳುವ ಸರ್ವರಿನದನ್ನು ಆಗ ತೋರಿಸಲಿಲ್ಲ. ಕೊಳಗ ನೋಡಿ, ಕಣಜದ ಕಡೆ ಬರಬೇಡಿ ಎಂದರು. ಬೆಂಗಳೂರಿನ ತಂತ್ರಾಂಶ ತಜ್ಞ ಅನಿವರ್ ಅರವಿಂದ್ ರಾಜ್ಯ ಹೈಕೋರ್ಟಿಗೆ ಹೋದರು. ಜನರ ತಿಳಿದ ಒಪ್ಪಿಗೆಯಿಲ್ಲದೆ ಆ ಆ್ಯಪ್‌ನ ಮಾಹಿತಿ ಹಂಚಬಾರದೆಂದು 2021ರ ಜನವರಿಯಲ್ಲಿ ಹೈಕೋರ್ಟು ಮಧ್ಯಂತರ ಆದೇಶ ಕೊಟ್ಟಿತು.

ಬಡವನಿಗೆ ಯಾಕ್ರೀ ಖಾಸಗಿತನ, ಅವನಿಗೆ ಬೇಕಾಗಿರುವುದು ಅನ್ನ ಎಂದು ವಾದಿಸುವವರು ಇದ್ದಾರೆ. ಈ ವಾದ ಸುಪ್ರೀಂ ಕೋರ್ಟಿನ ತನಕ ಹೋಗಿ ಅಲ್ಲೇ ಬಿದ್ದುಹೋಯಿತು. ಅದಕ್ಕೆ ಕಾರಣರಾದವರು ನಮ್ಮದೇ ರಾಜ್ಯದ ಹೈಕೋರ್ಟಿನಲ್ಲಿ 1977ರಿಂದ 1986ರವರೆಗೆ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತಾರನೇ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಅದು ಉಳ್ಳವರ ಶೋಕಿ ಎಂಬ ಮಾತನ್ನು ತೀರ್ಪು ತಳ್ಳಿಹಾಕಿತು. ಆಧಾರ್ ಮಾತ್ರ ಉಳಿಯಿತು: 2018ರ ಸೆಪ್ಟೆಂಬರ್ 26ರ ತೀರ್ಪು ಪಡಿತರಕ್ಕೆ ಅದನ್ನು ಒಪ್ಪಿ, ಖಾಸಗಿ ಕಂಪನಿಗಳ ಕೈಗೆ ಕೊಡುವ 57ನೇ ಕಲಮಿಗೆ ಕತ್ತರಿ ಹಾಕಿತು. 2019ರಲ್ಲಿ ತಿದ್ದುಪಡಿ ತಂದು, 'ಸ್ವಇಚ್ಛೆ' ಎಂಬ ಹೆಸರಿನಲ್ಲಿ ಬ್ಯಾಂಕು, ಸಿಮ್‌ಕಾರ್ಡುಗಳಿಗೆ ಹಿಂಬಾಗಿಲು ತೆಗೆದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ನಿಧನರಾದರು.

2023ರ ದತ್ತಾಂಶ ರಕ್ಷಣೆ ಕಾಯ್ದೆಯ ಕಥೆ ಇನ್ನೂ ಸೊಗಸು. ತನಗೆ ಬೇಕಾದ ಸರ್ಕಾರಿ ಸಂಸ್ಥೆಗಳಿಗೆ ಕೇಂದ್ರ ವಿನಾಯಿತಿ ಕೊಡಬಹುದು. ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿನಲ್ಲಿದ್ದ ಸಾರ್ವಜನಿಕ ಹಿತದ ಷರತ್ತನ್ನೇ ಕಿತ್ತುಹಾಕಿದರು. ನಮ್ಮ ಕಣಜ ಅವರು ನೋಡಬಹುದು, ಅವರ ಖಿರ್ದಿ ನಾವು ನೋಡುವುದು ಕಷ್ಟ!

ಕೋಡ್ ತೆರೆದಿಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ಬೀಗುವ ಮುಕ್ತ ತಂತ್ರಾಂಶದ ಗೆಳೆಯರೂ ಒಂದು ವಿಷಯ ನೋಡಬೇಕು. ಹಳ್ಳಿ ಹಳ್ಳಿಯ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಬುಡ ಲಿನಕ್ಸೇ. ಗೋಮಾಳದ ಹುಲ್ಲು ಮೇಯ್ದು ಹಾಲು ಕರೆದುಕೊಳ್ಳುವವರು ಮಾತ್ರ ಗೂಗಲ್‌ನವರು. ಸಾಲ ಕೊಡುವ ಆ್ಯಪ್‌ಗಳಂತೂ ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಗುಡಿಸಿಕೊಂಡು, ಕಂತು ತಪ್ಪಿದರೆ ಬೀಗರಿಗೂ ಮೇಷ್ಟ್ರಿಗೂ ಫೋನು ಮಾಡಿ ಮಾನ ಹರಾಜು ಹಾಕಿದವು. 2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಇದನ್ನು ನಿಷೇಧಿಸುವ ಹೊತ್ತಿಗೆ ಬಹಳ ಮನೆಗಳ ಮರ್ಯಾದೆ ಬೀದಿಗೆ ಬಂದಾಗಿತ್ತು. ಕಾಗೋಡಿನವರು ಸರಿಯಾದ ಕೊಳಗ ಸಿಕ್ಕರೆ ಸಾಕು ಎಂದು ನಿಂತುಬಿಡಲಿಲ್ಲ, ಹೊಲವನ್ನೇ ಕೇಳಿದರು.

ಸದ್ಯಕ್ಕೆ ಕೇಳಬೇಕಾದ್ದು ಹತ್ತಿರದಲ್ಲೇ ಇದೆ. ಜಿಲ್ಲೆಯ ಸರ್ಕಾರಿ ಶಾಲೆ, ಪಂಚಾಯ್ತಿ ಕಚೇರಿಗಳಲ್ಲಿ ವಿಂಡೋಸ್ 10ರ ಯಂತ್ರಗಳೆಷ್ಟು? ಅವುಗಳನ್ನು ಗುಜರಿಗೆ ಹಾಕುತ್ತಾರೋ, ಲಿನಕ್ಸ್ ಹಾಕಿ ಮಕ್ಕಳಿಗೆ ಕೊಡುತ್ತಾರೋ? ಜನರ ದುಡ್ಡಿನಲ್ಲಿ ಬರೆಸುವ ತಂತ್ರಾಂಶದ ಕೋಡ್ ಜನರದ್ದೇ ಎಂಬ ಷರತ್ತು ಟೆಂಡರಿನಲ್ಲಿ ಇದೆಯೋ? ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಇಟ್ಟು ಇಷ್ಟನ್ನು ಕೇಳಿದರೆ ಇದು ವೈಯಕ್ತಿಕ ಮಾಹಿತಿ ಎಂದು ಯಾವ ಅಧಿಕಾರಿಯೂ ತಪ್ಪಿಸಿಕೊಳ್ಳಲಾರ.