ಜಾವೆಲಿನ್ ಎಸೆಯುತ್ತಿದ್ದ ಭಾರತೀಯರಿಗೆ ಬೇಸ್‌ಬಾಲ್ ಕಲಿಸಿದ ಕೋಚ್: ಯಾರು ಈ ಟಾಮ್ ಹೌಸ್?

ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ 2008ರಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಸ್ಪರ್ಧೆಯ ಮೂಲಕ ಅಮೆರಿಕಕ್ಕೆ ಹೋದರು. ಈ ರಿಂಕು ಕ್ರಿಕೆಟಿಗ ರಿಂಕು ಸಿಂಗ್ ಅಲ್ಲ. ಇಬ್ಬರೂ ಜಾವೆಲಿನ್ ಎಸೆತಗಾರರು, ಬೇಸ್‌ಬಾಲ್ ಗೊತ್ತೇ ಇರಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಇಬ್ಬರೊಂದಿಗೂ ಒಪ್ಪಂದ ಮಾಡಿಕೊಂಡಿತು. ಅವರನ್ನು ಸಿದ್ಧಪಡಿಸಿದವರು ಮಾಜಿ ಪಿಚರ್ ಟಾಮ್ ಹೌಸ್.

ಪಿಚರ್ ಕೆಲಸವೇನು?

ಬೇಸ್‌ಬಾಲ್‌ನಲ್ಲಿ ಪಿಚರ್ ಎಂದರೆ ಹೆಚ್ಚೂಕಡಿಮೆ ಕ್ರಿಕೆಟ್‌ನ ಬೌಲರ್ ಇದ್ದಂತೆ. ಆದರೆ ಇಲ್ಲಿ ರನ್‌ಅಪ್ ಇಲ್ಲ. ಮೊಣಕೈ ಮಡಚಿ ಎಸೆಯಬಹುದು. ಹಾಗಾಗಿ ಭುಜ ಮತ್ತು ಮೊಣಕೈಗೆ ಭಾರೀ ಒತ್ತಡ. ಗಾಯದಿಂದಲೇ ಎಷ್ಟೋ ಪಿಚರ್‌ಗಳ ವೃತ್ತಿ ಮುಗಿದಿದೆ.

ಆಟಗಾರನಾಗಿ ಸಾಧಾರಣ

ಎಡಗೈ ಪಿಚರ್ ಹೌಸ್ 1971ರಿಂದ 1978ರವರೆಗೆ ಅಟ್ಲಾಂಟಾ ಬ್ರೇವ್ಸ್, ಬೋಸ್ಟನ್ ರೆಡ್ ಸಾಕ್ಸ್, ಸಿಯಾಟಲ್ ಮ್ಯಾರಿನರ್ಸ್ ಪರ ಆಡಿದರು. ವೇಗ ಅವರ ಬಲವಾಗಿರಲಿಲ್ಲ. ಅಭಿಮಾನಿಗಳಿಗೆ ಅವರು ನೆನಪಿರುವುದೇ ಬೇರೆ ಕಾರಣಕ್ಕೆ. 1974ರ ಏಪ್ರಿಲ್ 8ರಂದು ಹ್ಯಾಂಕ್ ಆರನ್ 715ನೇ ಹೋಮ್ ರನ್ ಹೊಡೆದು ಬೇಬ್ ರೂತ್ ದಾಖಲೆ ಮುರಿದಾಗ ಆ ಚೆಂಡನ್ನು ಹಿಡಿದವರು ಹೌಸ್!

ಚೆಂಡೇ ತಪ್ಪು ಹೇಳುತ್ತದೆ

1985ರಲ್ಲಿ ಟೆಕ್ಸಾಸ್ ರೇಂಜರ್ಸ್ ಪಿಚಿಂಗ್ ಕೋಚ್ ಆದ ಹೌಸ್, ಪಿಚರ್‌ಗಳ ಕೈಗೆ ಅಮೆರಿಕನ್ ಫುಟ್‌ಬಾಲ್ ಕೊಟ್ಟರು. ನೋಡಿದವರು ನಕ್ಕರು. ಆದರೆ ಲೆಕ್ಕ ಸರಳವಾಗಿತ್ತು. ಕೈ ಸರಿಯಾದ ದಾರಿಯಲ್ಲಿ ಬಂದರೆ ಮಾತ್ರ ಆ ಉದ್ದನೆಯ ಚೆಂಡು ನೇರವಾಗಿ ತಿರುಗುತ್ತಾ ಸಾಗುತ್ತದೆ. ತಪ್ಪಿದರೆ ಗಾಳಿಯಲ್ಲಿ ಓಲಾಡುತ್ತದೆ. ತಪ್ಪು ಎಲ್ಲಿದೆ ಎಂದು ಆಟಗಾರನಿಗೆ ತಕ್ಷಣ ಗೊತ್ತಾಗುತ್ತದೆ.

1989ರಲ್ಲಿ ತಂಡಕ್ಕೆ ಬಂದ ನೋಲನ್ ರಯಾನ್‌ಗೆ ಆಗ 42 ವರ್ಷ. ಕೋಚ್‌ಗಿಂತ ಮೂರು ತಿಂಗಳು ದೊಡ್ಡವರು. ಆ ಋತುವಿನಲ್ಲೇ ಅವರು 301 ಸ್ಟ್ರೈಕ್‌ಔಟ್ ಪಡೆದರು. 1991ರಲ್ಲಿ, 44ನೇ ವಯಸ್ಸಿನಲ್ಲಿ, ಎದುರಾಳಿಗೆ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸಿದರು. ಅದು ಅವರ ಏಳನೇ ‘ನೋ ಹಿಟರ್’. 1999ರಲ್ಲಿ ಹಾಲ್ ಆಫ್ ಫೇಮ್ ಸೇರಿದಾಗ ರಯಾನ್ ಹೌಸ್‌ಗೆ ಧನ್ಯವಾದ ಹೇಳಿದ್ದರು.

ಮುಂದೆ ಅಮೆರಿಕನ್ ಫುಟ್‌ಬಾಲ್ ತಾರೆಗಳಾದ ಟಾಮ್ ಬ್ರಾಡಿ, ಡ್ರೂ ಬ್ರೀಸ್ ಕೂಡ ಇದೇ ಕೋಚ್ ಬಳಿ ಎಸೆತ ತಿದ್ದಿಕೊಂಡರು.

ಭಾರತೀಯರು ಏನಾದರು?

ರಿಂಕು, ದಿನೇಶ್ ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ಪೈರೇಟ್ಸ್ 2010ರಲ್ಲಿ ದಿನೇಶ್‌ರನ್ನು ಕೈಬಿಟ್ಟಿತು. ಕಿರಿಯ ಲೀಗ್‌ಗಳಲ್ಲಿ ಆಡುತ್ತಿದ್ದ ರಿಂಕುಗೆ ಗಾಯ ಅಡ್ಡಿಯಾಯಿತು. ನಂತರ ಅವರು ಡಬ್ಲ್ಯುಡಬ್ಲ್ಯುಇ ಸೇರಿ ‘ವೀರ್ ಮಹಾನ್’ ಹೆಸರಿನಲ್ಲಿ ಕುಸ್ತಿಪಟುವಾದರು. ಆದರೂ ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಒಪ್ಪಂದ ಪಡೆದ ಮೊದಲ ಭಾರತೀಯರು ಎಂಬ ದಾಖಲೆ ಈ ಜೋಡಿಯದ್ದೇ. ಇವರ ಕಥೆ 2014ರಲ್ಲಿ ಸಿನಿಮಾ ಆಯಿತು. ಅದರಲ್ಲಿ ಹೌಸ್ ಪಾತ್ರ ಮಾಡಿದ್ದು ನಟ ಬಿಲ್ ಪ್ಯಾಕ್ಸ್‌ಟನ್.